ಬೆಂಗಳೂರಿನಲ್ಲಿ ಇಳಿಯುವ ಸರದಿ ಮಲೆನಾಡಿನ ನೆತ್ತಿಯ ಮೇಲೆಯೇ ತೀರ್ಮಾನವಾಗಬೇಕು

ಜೆಡ್ಡಾದಿಂದ ಬೆಂಗಳೂರಿಗೆ ಭೂಗೋಳದ ಮೇಲೆ ಅತಿ ಹತ್ತಿರದ ಗೆರೆಯೊಂದನ್ನು ಎಳೆದು ನೋಡಿ. ಅದು ಹೊನ್ನಾವರಕ್ಕೂ ಭಟ್ಕಳಕ್ಕೂ ನಡುವೆ ಕರಾವಳಿ ದಾಟಿ, ಲಿಂಗನಮಕ್ಕಿ ಹಿನ್ನೀರನ್ನು ಹಾದು, ಶಿವಮೊಗ್ಗದ ನೆತ್ತಿಗೆ ಬರುತ್ತದೆ. ದುಬೈಯಿಂದ ಎಳೆದ ಗೆರೆ ಇನ್ನೂ ಸ್ವಲ್ಪ ಉತ್ತರಕ್ಕೆ, ಗೋವಾ ಮತ್ತು ಹಾವೇರಿ ಕಡೆಯಿಂದ ಬರುತ್ತದೆ. ವಿಮಾನಗಳು ಇಷ್ಟು ನೇರವಾಗಿ ಹಾರುವುದಿಲ್ಲ, ಆಕಾಶದಲ್ಲಿ ಗೊತ್ತುಮಾಡಿದ ಬಿಂದುಗಳನ್ನು ಹಿಡಿದು ಆಚೀಚೆ ಸರಿಯುತ್ತವೆ. ಆದರೂ ಪಶ್ಚಿಮದಿಂದ ಬೆಂಗಳೂರಿಗೆ ಬರುವ ವಿಮಾನ ಮಲೆನಾಡನ್ನೋ ಅದರ ಅಂಚನ್ನೋ ದಾಟದೆ ಬರಲಾರದು.

ಹಾಗೆ ದಾಟುವ ಹೊತ್ತಿನಲ್ಲೇ ಪೈಲಟ್ ಒಂದು ಮುಖ್ಯ ನಿರ್ಧಾರ ಮಾಡಬೇಕಾಗುತ್ತದೆ: ಯಾವಾಗ ಇಳಿಯಲು ಶುರುಮಾಡುವುದು? ಲೆಕ್ಕ ಸರಳ. ಜೆಟ್ ವಿಮಾನ ಹಿತವಾಗಿ ಇಳಿಯಬೇಕಾದರೆ ಪ್ರತಿ ನಾಟಿಕಲ್ ಮೈಲಿಗೆ ಸುಮಾರು 300 ಅಡಿ ಕೆಳಗೆ ಬರಬೇಕು. ಒಂದು ನಾಟಿಕಲ್ ಮೈಲಿ ಎಂದರೆ 1.85 ಕಿ.ಮೀ. ಬೆಂಗಳೂರು ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. 36,000 ಅಡಿಯಲ್ಲಿ ಬರುತ್ತಿರುವ ವಿಮಾನ 33,000 ಅಡಿ ಇಳಿಯಲು 110 ನಾಟಿಕಲ್ ಮೈಲಿ ಬೇಕು, ಅಂದರೆ 200 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ವೇಗ ತಗ್ಗಿಸಲು ಇನ್ನೊಂದಿಷ್ಟು ದೂರ ಸೇರಿಸಿಕೊಳ್ಳಿ. ದೇವನಹಳ್ಳಿಯಿಂದ ಶಿವಮೊಗ್ಗಕ್ಕೆ ಆಕಾಶದಲ್ಲಿ ಇರುವ ದೂರ ಹೆಚ್ಚುಕಡಿಮೆ ಅಷ್ಟೇ. ರನ್‌ವೇಗೆ ನೇರವಾಗಿ ಬಂದು ಇಳಿಯುವ ವಿಮಾನ ಇಂಜಿನ್‌ನ ಸದ್ದು ತಗ್ಗಿಸಿ ಇಳಿಯತೊಡಗಬೇಕಾದ ಜಾಗ ಶಿವಮೊಗ್ಗ–ಭದ್ರಾವತಿಯ ಆಸುಪಾಸಿನಲ್ಲಿ ಬೀಳುತ್ತದೆ.

ಆ ಜಾಗದಿಂದ ರನ್‌ವೇವರೆಗೆ ಅಡೆತಡೆಯಿಲ್ಲದೆ ಜಾರಿಕೊಂಡು ಬಂದರೆ ಇಂಜಿನ್‌ಗಳು ಬರೀ ಚಾಲೂ ಇದ್ದರೆ ಸಾಕು. ಎತ್ತರದಲ್ಲಿ ಹಾರುವಾಗ ಸುಡುವ ಇಂಧನದ ಕಾಲುಭಾಗದಷ್ಟು ಮಾತ್ರ ಆಗ ಖರ್ಚಾಗುತ್ತದೆ. ಇದನ್ನು ನಿರಂತರ ಇಳಿಕೆ ಎನ್ನುತ್ತಾರೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2010ರಲ್ಲೇ ಇದಕ್ಕೊಂದು ಕೈಪಿಡಿ ತಂದಿತು. ವಾಸ್ತವದಲ್ಲಿ ನಡೆಯುವುದು ಬಹಳಷ್ಟು ಸಲ ಮೆಟ್ಟಿಲಿಳಿಕೆ: 24,000 ಅಡಿಗೆ ಇಳಿ, ಅಲ್ಲೇ ಸ್ವಲ್ಪ ಹಾರು, 15,000ಕ್ಕೆ ಇಳಿ, ಮತ್ತೆ ಕಾಯಿ, 8,000ಕ್ಕೆ ಇಳಿ, ಸುತ್ತು ಹಾಕು. ಪ್ರತಿ ಮೆಟ್ಟಿಲಲ್ಲೂ ವಿಮಾನ ಸಮತಟ್ಟಾಗಿ ಹಾರಬೇಕು, ಇಂಜಿನ್ ಮತ್ತೆ ಜೋರು ಮಾಡಬೇಕು. ಕೆಳಗೆ ಗಾಳಿ ದಟ್ಟ, ಜೆಟ್ ಇಂಜಿನ್ ಅಲ್ಲಿ ಹೆಚ್ಚು ಕುಡಿಯುತ್ತದೆ. ಆಗುಂಬೆ ಘಾಟಿ ಇಳಿಯುವ ಬಸ್ಸಿನ ಡ್ರೈವರ್ ಪ್ರತಿ ತಿರುವಿಗೂ ಬ್ರೇಕ್ ಒತ್ತಿ, ಮರುಕ್ಷಣವೇ ಆಕ್ಸಿಲರೇಟರ್ ತುಳಿಯುತ್ತ ಹೋದರೆ ಡೀಸೆಲ್ ಏನಾದೀತು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಏರ್‌ಬಸ್ 320 ತರಗತಿಯ ವಿಮಾನ ಇಳಿಯಲು ಸರದಿ ಸಿಗದೆ ಆಕಾಶದಲ್ಲಿ ಸುತ್ತುವಾಗ ನಿಮಿಷಕ್ಕೆ ಸುಮಾರು 40 ಕೆ.ಜಿ. ಇಂಧನ ಸುಡುತ್ತದೆ. ಹತ್ತು ನಿಮಿಷ ಸುತ್ತಿದರೆ 400 ಕೆ.ಜಿ., ಲೀಟರ್ ಲೆಕ್ಕದಲ್ಲಿ 500. ಒಂದು ಕೆ.ಜಿ. ವಿಮಾನ ಇಂಧನ ಉರಿದರೆ 3.16 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಆ ಹತ್ತು ನಿಮಿಷಕ್ಕೆ ಒಂದೂಕಾಲು ಟನ್ ಆಯಿತು. ಯಾರನ್ನೂ ಎಲ್ಲಿಗೂ ತಲುಪಿಸದೆ, ಬರೀ ಕಾಯಲಿಕ್ಕಾಗಿ ಸುಟ್ಟ ಇಂಧನ ಅದು. ಪಶ್ಚಿಮ ಘಟ್ಟದ ಮಳೆ ಮೊದಲಿನಂತೆ ಬರುತ್ತಿಲ್ಲ ಎಂದು ಅಡಿಕೆ ತೋಟದಲ್ಲಿ ನಿಂತು ಕಳವಳ ಪಡುವ ನಮಗೆ ಈ ವ್ಯರ್ಥ ಬೇರೆ ಯಾರದೋ ವಿಷಯ ಎನ್ನಿಸಬಾರದು.

ಇಳಿಕೆ ಸುಲಭ, ಸರದಿ ಕಷ್ಟ

ಇಷ್ಟು ಲಾಭವಿದ್ದರೆ ಎಲ್ಲ ವಿಮಾನಗಳನ್ನೂ ಹೀಗೇ ಇಳಿಸಬಹುದಲ್ಲ ಎಂಬ ಪ್ರಶ್ನೆ ಬರುತ್ತದೆ. 2002ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಯುಪಿಎಸ್ ಕಂಪನಿಯ ಸರಕು ವಿಮಾನಗಳನ್ನು ಹೀಗೆ ಇಳಿಸಿ ನೋಡಿದರು. ಅದು ನಡೆದದ್ದು ರಾತ್ರಿ, ಪ್ರಯಾಣಿಕ ವಿಮಾನಗಳ ದಟ್ಟಣೆ ಇಲ್ಲದ ಹೊತ್ತಿನಲ್ಲಿ. ಖಾಲಿ ಆಕಾಶದಲ್ಲಿ ಒಂದು ವಿಮಾನವನ್ನು ಚಂದವಾಗಿ ಇಳಿಸುವುದು ಪೈಲಟ್‌ಗೂ ಕಂಪ್ಯೂಟರ್‌ಗೂ ಕಷ್ಟವಲ್ಲ. ಗಂಟೆಗೆ ಮೂವತ್ತು-ನಲವತ್ತು ವಿಮಾನ ಬರುವ ಕಡೆ ಕಷ್ಟ ಬೇರೆಯದೇ.

ಇಂಜಿನ್ ತಗ್ಗಿಸಿ ಜಾರುವ ವಿಮಾನದ ವೇಗ ಅದರ ತೂಕ, ಮಾದರಿ, ಗಾಳಿ ಇವುಗಳ ಮೇಲೆ ನಿಂತಿದೆ. ಒಂದೇ ಎತ್ತರದಿಂದ ಹೊರಟ ಎರಡು ವಿಮಾನಗಳು ಒಂದೇ ಹೊತ್ತಿಗೆ ಕೆಳಗೆ ಮುಟ್ಟುವುದಿಲ್ಲ. ನಿಯಂತ್ರಕರ ಕೈಯಲ್ಲಿರುವ ಆಯುಧಗಳೆಂದರೆ ವೇಗ ಬದಲಿಸು, ಎತ್ತರ ಹಿಡಿ, ದಿಕ್ಕು ತಿರುಗಿಸು ಎಂಬ ಮೂರೇ ಆದೇಶ. ಮೂರೂ ಆ ಜಾರಿಕೆಯನ್ನು ಕೆಡಿಸುತ್ತವೆ. ಅಂತರ ಕಾಯ್ದುಕೊಳ್ಳಲು ಆದೇಶ ಕೊಟ್ಟರೆ ಇಂಧನ ಹೋಗುತ್ತದೆ. ಇಂಧನ ಉಳಿಸಲು ಸುಮ್ಮನಿದ್ದರೆ ಎರಡು ವಿಮಾನಗಳ ನಡುವೆ ದೊಡ್ಡ ಅಂತರ ಬಿಡಬೇಕು, ಆಗ ಇಳಿಯುವ ವಿಮಾನಗಳ ಸಂಖ್ಯೆ ಬೀಳುತ್ತದೆ, ಹಿಂದಿನವು ಸುತ್ತು ಹಾಕುತ್ತವೆ. ಒಂದು ವಿಮಾನ ಉಳಿಸಿದ ಇಂಧನವನ್ನು ಅದರ ಹಿಂದಿನ ನಾಲ್ಕು ಸುಟ್ಟು ಮುಗಿಸುತ್ತವೆ. ದಟ್ಟಣೆಯ ನಿಲ್ದಾಣಗಳಲ್ಲಿ ಈ ವಿಧಾನ ವರ್ಷಗಟ್ಟಲೆ ಕಾಗದದ ಮೇಲೆ ಉಳಿಯಲು ಇದೇ ಮೂಲ ಕಾರಣ.

ಅಂತರದ ಲೆಕ್ಕವನ್ನೂ ಸ್ವಲ್ಪ ನೋಡೋಣ, ಯಾಕೆಂದರೆ ಇಡೀ ವಿಷಯದ ಕೀಲಿ ಇಲ್ಲಿದೆ. ಹಾರುವ ವಿಮಾನ ತನ್ನ ರೆಕ್ಕೆಯ ತುದಿಯಿಂದ ಸುಳಿಗಾಳಿ ಬಿಟ್ಟು ಹೋಗುತ್ತದೆ. ದೊಡ್ಡ ವಿಮಾನದ ಸುಳಿ ಚಿಕ್ಕದನ್ನು ಮಗುಚಿ ಹಾಕಬಲ್ಲದು. ಹಾಗಾಗಿ ಬೋಯಿಂಗ್ 777ರಂಥ ಭಾರಿ ವಿಮಾನದ ಹಿಂದೆ ಏರ್‌ಬಸ್ 320ರಂಥ ಮಧ್ಯಮ ವಿಮಾನ ಬಂದರೆ 5 ನಾಟಿಕಲ್ ಮೈಲಿ ಅಂತರ ಬೇಕು. ಭಾರಿಯ ಹಿಂದೆ ಭಾರಿ ಬಂದರೆ 4 ಸಾಕು. ಮಧ್ಯಮದ ಹಿಂದೆ ಮಧ್ಯಮವೋ ಭಾರಿಯೋ ಬಂದರೆ, ರೇಡಾರ್ ಅನುಮತಿಸುವ ಕನಿಷ್ಠ ಅಂತರವಾದ 3 ಸಾಕಾಗುತ್ತದೆ. ಈಗ ಐದು ಭಾರಿ, ಐದು ಮಧ್ಯಮ ವಿಮಾನ ಬರುತ್ತಿವೆ ಎಂದುಕೊಳ್ಳಿ. ಭಾರಿ-ಮಧ್ಯಮ-ಭಾರಿ-ಮಧ್ಯಮ ಎಂದು ಒಂದು ಬಿಟ್ಟು ಒಂದು ಬಂದರೆ ಒಟ್ಟು ಅಂತರ 37 ಮೈಲಿ. ಮಧ್ಯಮ ಐದನ್ನೂ ಮೊದಲು ಇಳಿಸಿ ಆಮೇಲೆ ಭಾರಿಗಳನ್ನು ತಂದರೆ 31. 140 ನಾಟ್, ಅಂದರೆ ಗಂಟೆಗೆ 140 ನಾಟಿಕಲ್ ಮೈಲಿ, ವೇಗದಲ್ಲಿ ಆ 6 ಮೈಲಿ ಎಂದರೆ ಎರಡೂವರೆ ನಿಮಿಷ, ಇನ್ನೆರಡು ವಿಮಾನ ಇಳಿಯಬಹುದಾದಷ್ಟು ಹೊತ್ತು. ಹೊಸ ರನ್‌ವೇ ಕಟ್ಟದೆ, ಒಂದು ಎಕರೆ ಜಮೀನು ಸ್ವಾಧೀನ ಮಾಡಿಕೊಳ್ಳದೆ, ಸರದಿ ಬದಲಿಸಿದ್ದರಿಂದಲೇ ಸಿಕ್ಕ ಜಾಗ ಇದು. ಆದರೆ ನಿಲ್ದಾಣಕ್ಕೆ 50 ಕಿ.ಮೀ. ಹತ್ತಿರ ಬಂದ ಮೇಲೆ ಹೀಗೆ ಸರದಿ ಬದಲಿಸಲು ಆಗುವುದಿಲ್ಲ. ಬದಲಿಸಿದರೆ ಯಾರಾದರೂ ಸುತ್ತಲೇಬೇಕು. ತೀರ್ಮಾನ ಬಹಳ ಮೊದಲೇ ಆಗಬೇಕು.

ಲಂಡನ್ನಿನ ಹೀಥ್ರೋ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿಯಿತು. ಅಲ್ಲಿ ನಗರದ ನಾಲ್ಕು ಮೂಲೆಗಳ ಮೇಲೆ ವಿಮಾನಗಳನ್ನು ಸುತ್ತು ಹಾಕಿಸಿ ಕಾಯಿಸುವ ಪದ್ಧತಿ ದಶಕಗಳಿಂದ ಇದೆ. 2014ರಲ್ಲಿ ಹೊಸ ವ್ಯವಸ್ಥೆ ತಂದರು: ವಿಮಾನ ಹೀಥ್ರೋದಿಂದ 350 ನಾಟಿಕಲ್ ಮೈಲಿ ದೂರ ಇರುವಾಗಲೇ, ಐರ್ಲೆಂಡ್ ಅಥವಾ ಫ್ರಾನ್ಸಿನ ಆಕಾಶದಲ್ಲಿರುವಾಗಲೇ, ಅಲ್ಲಿನ ನಿಯಂತ್ರಕರ ಮೂಲಕ ‘ಸ್ವಲ್ಪ ನಿಧಾನಿಸಿ’ ಎಂದು ಹೇಳಿಸುವುದು. 450 ನಾಟ್ ವೇಗದ ವಿಮಾನ ಅಷ್ಟು ದೂರದಲ್ಲಿ ಶೇ 5ರಷ್ಟು ನಿಧಾನಿಸಿದರೆ ಸುಮಾರು ಎರಡೂವರೆ ನಿಮಿಷ ತಡವಾಗಿ ತಲುಪುತ್ತದೆ. ಕೇಳಲು ಚಿಕ್ಕದು. ಆದರೆ ಅಷ್ಟು ಹೊತ್ತು ಕೆಳಗೆ ಸುತ್ತುವುದು ತಪ್ಪಿತು, ಎತ್ತರದಲ್ಲಿ ನಿಧಾನವಾಗಿ ಹಾರುವಾಗ ಇಂಧನವೂ ಕಡಿಮೆ ಸಾಕು. ಓಸ್ಲೋ ನಿಲ್ದಾಣ 2011ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಎಲ್ಲ ವಿಮಾನಗಳೂ ಒಂದು ಬಿಂದುವಿನಿಂದ ಸಮದೂರದಲ್ಲಿರುವ ಕಮಾನಿನ ಮೇಲೆ ಹಾರುತ್ತಿರುತ್ತವೆ. ಸರದಿ ಬಂದಾಗ ನಿಯಂತ್ರಕರು ‘ಬಿಂದುವಿಗೆ ನೇರ ಹೋಗಿ’ ಎಂದು ಒಂದೇ ಆದೇಶ ಕೊಡುತ್ತಾರೆ, ಅಲ್ಲಿಂದ ಮುಂದೆ ತಡೆಯಿಲ್ಲದ ಇಳಿಕೆ. ಡಬ್ಲಿನ್ ಕೂಡ ಮರುವರ್ಷ ಇದನ್ನೇ ತಂದಿತು.

ಭಾರತದಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ 2017ರಲ್ಲಿ ದೆಹಲಿಯಲ್ಲಿ ಕೇಂದ್ರೀಯ ಸಂಚಾರ ಹರಿವು ನಿರ್ವಹಣಾ ಕೇಂದ್ರ ತೆರೆಯಿತು. ದೊಡ್ಡ ನಿಲ್ದಾಣದ ಸಾಮರ್ಥ್ಯಕ್ಕಿಂತ ಹೆಚ್ಚು ವಿಮಾನ ಬರುವಂತಿದ್ದರೆ, ಹೊರಡುವ ನಿಲ್ದಾಣದಲ್ಲೇ ‘ಇಷ್ಟು ಗಂಟೆಗೆ ಹಾರಿ’ ಎಂದು ಸಮಯ ನಿಗದಿ ಮಾಡುವುದು ಅದರ ಕೆಲಸ. ದಿಕ್ಕು ಸರಿಯಾಗಿದೆ. ಗೇಟಿನಲ್ಲಿ ಇಂಜಿನ್ ಆರಿಸಿ ನಿಂತ ವಿಮಾನ ಇಂಧನ ಸುಡುವುದಿಲ್ಲ.

ನಮ್ಮ ಗಾಳಿಯ ತಕರಾರು

ಲಂಡನ್ನಿನ ವ್ಯವಸ್ಥೆಯನ್ನು ತಂದು ಇಲ್ಲಿ ಕೂರಿಸಿದರೆ ಹಾಗೇ ನಡೆಯುತ್ತದೆಯೇ? ನನಗೆ ಅನುಮಾನ, ಮುಖ್ಯವಾಗಿ ಮುಂಗಾರಿನ ಕಾರಣಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ತಲೆಯ ಮೇಲೆ ಎರಡು ಗಾಳಿಗಳು ಎದುರುಬದುರಾಗಿ ಬೀಸುತ್ತವೆ. ಕೆಳಗೆ, ಒಂದೂವರೆ ಕಿ.ಮೀ. ಎತ್ತರದಲ್ಲಿ, ಅರಬ್ಬಿ ಸಮುದ್ರದಿಂದ ಬರುವ ಪಡುವಣ ಗಾಳಿ. ಆಗುಂಬೆ, ಹುಲಿಕಲ್‌ಗೆ ಮಳೆ ಸುರಿಸುವುದು ಅದೇ. ಮೇಲೆ, ಹನ್ನೆರಡು ಕಿ.ಮೀ. ದಾಟಿದ ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಓಡುವ ಪ್ರಬಲ ಗಾಳಿ. ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಈ ಮೇಲ್ಗಾಳಿ ಜಗತ್ತಿಗೆ ಪರಿಚಯವಾಯಿತು. ಕೊಲ್ಲಿಯ ಕಡೆಯಿಂದ ಬರುವ ವಿಮಾನಕ್ಕೆ ಮೇಲೆ ಎದುರುಗಾಳಿ, ಇಳಿಯುತ್ತ ಹೋದಂತೆ ಹಿಂಗಾಳಿ. ಹಿಂಗಾಳಿ ತಳ್ಳಿದರೆ ಜಾರುವ ದೂರ ಹೆಚ್ಚುತ್ತದೆ, ಹೆಚ್ಚು ಮೊದಲೇ ಇಳಿಯಲು ಶುರುಮಾಡಬೇಕು. ಯಾವ ಎತ್ತರದಲ್ಲಿ ಗಾಳಿ ತಿರುಗುತ್ತದೆ ಎಂಬ ಅಂದಾಜು ತಪ್ಪಿದರೆ ನಿಗದಿ ಮಾಡಿದ ಸಮಯವೂ ತಪ್ಪುತ್ತದೆ. ಘಟ್ಟದ ಮೇಲಿನ ಗಾಳಿಯ ಮಾಪನ ಚೆನ್ನಾಗಿಲ್ಲದೆ ದೇವನಹಳ್ಳಿಯ ಸರದಿ ನೆಟ್ಟಗಾಗದು.

ರನ್‌ವೇ ದಿಕ್ಕೂ ಲೆಕ್ಕ ಬದಲಿಸುತ್ತದೆ. ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ಎರಡನೆಯದು ಬಳಕೆಗೆ ಬಂದದ್ದು 2019ರ ಡಿಸೆಂಬರ್‌ನಲ್ಲಿ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಮುಂಗಾರಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಇಳಿಯಬೇಕಾದ್ದರಿಂದ, ನಮ್ಮ ಕಡೆಯಿಂದ ಹೋದ ವಿಮಾನ ನಿಲ್ದಾಣವನ್ನು ದಾಟಿ ಆಚೆ ಹೋಗಿ ತಿರುಗಿ ಬರಬೇಕು. ಚಳಿಗಾಲದ ಮೂಡಗಾಳಿಯಲ್ಲಿ ಅದೇ ವಿಮಾನ ನೇರ ನುಗ್ಗಬಹುದು. ಒಂದೇ ಹಾರಾಟಕ್ಕೆ ಋತುವಿಗೊಂದು ದೂರ. ಹತ್ತಿರದಲ್ಲೇ ಯಲಹಂಕ ವಾಯುನೆಲೆ ಇದೆ. ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ಪ್ರದರ್ಶನ ನಡೆಯುವಾಗ ದಿನದ ಕೆಲವು ಗಂಟೆ ಬೆಂಗಳೂರಿನ ಹಾರಾಟಗಳನ್ನೇ ನಿಲ್ಲಿಸುವುದು ರೂಢಿ. ಏಪ್ರಿಲ್–ಮೇ ಸಂಜೆಯ ಗುಡುಗುಮಳೆಯಂತೂ ಬರೆದಿಟ್ಟ ಯಾವ ಸರದಿಯನ್ನೂ ಅಳಿಸಿ ಹಾಕುತ್ತದೆ. ಆಗ ಯಾವ ತಂತ್ರಾಂಶವೂ ನಿಯಂತ್ರಕರ ಅನುಭವಕ್ಕೆ ಸಾಟಿಯಾಗುವುದಿಲ್ಲ.

ಸೋಗಾನೆಯ ವಿಮಾನಕ್ಕೆ ಯಾವ ಸರದಿ?

ಇನ್ನು ನನ್ನ ಮುಖ್ಯ ಚಿಂತೆಗೆ ಬರುತ್ತೇನೆ. ದೂರದಿಂದಲೇ ಸರದಿ ನಿಗದಿ ಮಾಡುವ ಈ ಒಳ್ಳೆಯ ವ್ಯವಸ್ಥೆಯಲ್ಲಿ ಶಿವಮೊಗ್ಗದಂಥ ಹತ್ತಿರದ ಊರಿನ ವಿಮಾನಕ್ಕೆ ಅನ್ಯಾಯವಾಗುವ ಸಾಧ್ಯತೆ ಅದರ ರಚನೆಯಲ್ಲೇ ಇದೆ.

ಶಿವಮೊಗ್ಗ ಹತ್ತಿರದ ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಯಿತು. ಆಗಸ್ಟ್ 31ರಂದು ಬೆಂಗಳೂರಿನಿಂದ ಇಂಡಿಗೋದ ಎಟಿಆರ್-72 ಬಂದಿಳಿಯುವುದರೊಂದಿಗೆ ಪ್ರಯಾಣಿಕರ ಹಾರಾಟ ಶುರುವಾಯಿತು. ಎಟಿಆರ್ ಪ್ರೊಪೆಲ್ಲರ್ ವಿಮಾನ, ಎಪ್ಪತ್ತು ಚಿಲ್ಲರೆ ಸೀಟು. ಬೆಂಗಳೂರಿಗೆ ಆಕಾಶದಲ್ಲಿ ಮುಕ್ಕಾಲು ಗಂಟೆಯ ಆಸುಪಾಸಿನ ದಾರಿ.

ಹೀಥ್ರೋ ಮಾದರಿಯ 350 ನಾಟಿಕಲ್ ಮೈಲಿಯನ್ನೇ ಬೆಂಗಳೂರಿಗೆ ಇಟ್ಟುಕೊಂಡರೆ, ಪಶ್ಚಿಮದಿಂದ ಬರುವ ಜೆಟ್ ಇನ್ನೂ ಅರಬ್ಬಿ ಸಮುದ್ರದ ಮೇಲೆ, ಕರಾವಳಿಗೆ ಸುಮಾರು 300 ಕಿ.ಮೀ. ಆಚೆ ಇರುವಾಗಲೇ ಅದರ ಇಳಿಯುವ ಸಮಯ ನಿಗದಿಯಾಗಿರುತ್ತದೆ. ಆ ಹೊತ್ತಿಗೆ ಸೋಗಾನೆಯಲ್ಲಿ ಪ್ರಯಾಣಿಕರು ಇನ್ನೂ ವಿಮಾನದ ಮೆಟ್ಟಿಲು ಹತ್ತುತ್ತಿರುತ್ತಾರೆ. ಸರದಿಯ ಕಂಪ್ಯೂಟರಿಗೆ ದೂರದ ವಿಮಾನ ಕಾಣುತ್ತದೆ, ಹತ್ತಿರದ್ದು ಕಾಣುವುದಿಲ್ಲ, ಯಾಕೆಂದರೆ ಅದು ಇನ್ನೂ ಹಾರಿಲ್ಲ. ಈ ಕಸುಬಿನವರು ಇಂಥವನ್ನು ‘ಪಾಪ್-ಅಪ್’ ವಿಮಾನಗಳೆನ್ನುತ್ತಾರೆ. ಎಲ್ಲರ ಸರದಿ ಮುಗಿದ ಮೇಲೆ ದಿಢೀರನೆ ಪರದೆಯ ಮೇಲೆ ಮೂಡುವ ಇವುಗಳಿಗೆ ಸಿಗುವುದು ಮಿಕ್ಕಿದ ಜಾಗ.

ಅದರ ಮೇಲೆ ಎಟಿಆರ್ ನಿಧಾನ. ಕೊನೆಯ 10 ನಾಟಿಕಲ್ ಮೈಲಿಯಲ್ಲಿ ಜೆಟ್ 140 ನಾಟ್‌ನಲ್ಲಿ, ಎಟಿಆರ್ ಸುಮಾರು 115 ನಾಟ್‌ನಲ್ಲಿ ಬಂದರೆ ಇಬ್ಬರ ನಡುವೆ ಹತ್ತಿರ ಹತ್ತಿರ ಒಂದು ನಿಮಿಷದ ವ್ಯತ್ಯಾಸ. ಹಿಂದೆ ಬರುವ ಜೆಟ್‌ಗಾಗಿ ಅಷ್ಟು ಹೆಚ್ಚುವರಿ ಜಾಗ ಬಿಡಬೇಕು. ಗಂಟೆಗೆ ಎಷ್ಟು ವಿಮಾನ ಇಳಿಸಿದೆವು ಎಂಬುದೊಂದನ್ನೇ ಎಣಿಸುವ ವ್ಯವಸ್ಥೆಗೆ ಚಿಕ್ಕ ವಿಮಾನ ಯಾವಾಗಲೂ ತೊಡಕಾಗಿಯೇ ತೋರುತ್ತದೆ.

ಇಂಧನದ ಲೆಕ್ಕವೂ ಮೇಲುನೋಟಕ್ಕೆ ನಮ್ಮ ವಿರುದ್ಧವೇ ಇದೆ. ಜೆಟ್ ಈಗಾಗಲೇ ಗಾಳಿಯಲ್ಲಿದೆ, ಕಾದರೆ ಇಂಧನ ಸುಡುತ್ತದೆ. ಎಟಿಆರ್ ನೆಲದಲ್ಲಿದೆ, ಕಾದರೆ ಏನೂ ಸುಡುವುದಿಲ್ಲ. ಹಾಗಾದರೆ ಶಿವಮೊಗ್ಗ, ಹುಬ್ಬಳ್ಳಿಯ ವಿಮಾನಗಳನ್ನೇ ನಿಲ್ಲಿಸಿ. ತರ್ಕ ಸರಿಯಾಗಿದೆ, ನಾನೂ ಒಪ್ಪುತ್ತೇನೆ. ಆದರೆ ಇದೇ ತರ್ಕ ದಿನದಿನವೂ ಒಂದೇ ಕಡೆಗೆ ವಾಲಿದರೆ, ಉಳಿದ ಇಂಧನದ ಲಾಭ ಒಬ್ಬರಿಗೆ, ಕಾಯುವ ಕಷ್ಟ ಇನ್ನೊಬ್ಬರಿಗೆ ಎಂದಾಗುತ್ತದೆ. ಜೆಟ್ ಕಂಪನಿಯ ಇಂಧನ ಉಳಿಯುತ್ತದೆ. ಬೆಂಗಳೂರಿನಲ್ಲಿ ದೆಹಲಿಯ ವಿಮಾನ ಹಿಡಿಯಬೇಕಾದ ತೀರ್ಥಹಳ್ಳಿಯವರ ಟಿಕೆಟ್ ಹಾಳಾಗುತ್ತದೆ. ಎರಡು ಸಲ ಹಾಗಾದರೆ ಅವರು ಮೂರನೇ ಸಲ ರಾತ್ರಿ ಬಸ್ಸನ್ನೋ ಜನಶತಾಬ್ದಿಯನ್ನೋ ಹಿಡಿಯುತ್ತಾರೆ. ಸೀಟು ಖಾಲಿ ಉಳಿದ ಚಿಕ್ಕ ಊರಿನ ಹಾರಾಟವನ್ನು ಕಂಪನಿ ಎಷ್ಟು ದಿನ ನಡೆಸೀತು?

ಇನ್ನೊಂದು ಸಂಗತಿಯೂ ಇದೆ. ಎಟಿಆರ್ ಗಾಳಿಯಲ್ಲಿ ಕಾದರೆ ನಿಮಿಷಕ್ಕೆ ಸುಡುವುದು ಹತ್ತು-ಹನ್ನೆರಡು ಕೆ.ಜಿ., ಏರ್‌ಬಸ್‌ನ ಕಾಲುಭಾಗಕ್ಕಿಂತ ತುಸು ಹೆಚ್ಚು. ಪ್ರಯಾಣಿಕರ ತಲೆಗೆ ಹಂಚಿದರೂ ಅದರದೇ ಕಡಿಮೆ. ಇಂಧನ ಮಿತವ್ಯಯವೇ ಗುರಿಯಾದರೆ, 250 ಕಿ.ಮೀ. ದಾರಿಗೆ ಜೆಟ್ ಬಿಟ್ಟು ಎಟಿಆರ್ ಹಾರಿಸುವುದೇ ದೊಡ್ಡ ಉಳಿತಾಯ. ಮಿತವಾಗಿ ಸುಡುವ ವಿಮಾನವನ್ನೇ ಸದಾ ಕಾಯಿಸುವ ನಿಯಮ ಆ ಗುರಿಗೇ ವಿರುದ್ಧ.

ಮಲೆನಾಡಿನ ಹವೆ ಈ ಸಮಸ್ಯೆಯನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಹಾರಾಟ ಶುರುವಾದಾಗ ಸೋಗಾನೆಯಲ್ಲಿ ರಾತ್ರಿ ಇಳಿಸುವ ಸೌಕರ್ಯ ಇರಲಿಲ್ಲ. ಉಪಕರಣದ ನೆರವಿಲ್ಲದೆ ಕಣ್ಣಳತೆಯಲ್ಲೇ ಇಳಿಯಬೇಕಾದರೆ 5 ಕಿ.ಮೀ. ದೂರ ಕಾಣಬೇಕೆಂಬುದು ನಿಯಮ. ಜುಲೈ ತಿಂಗಳ ಜಡಿಮಳೆಯಲ್ಲಿ, ಡಿಸೆಂಬರ್ ಮುಂಜಾವಿನ ಮಂಜಿನಲ್ಲಿ ಅಷ್ಟು ದೂರ ಎಲ್ಲಿ ಕಾಣುತ್ತದೆ? ಬೆಳಿಗ್ಗೆ ಮಂಜು ಕರಗುವುದಕ್ಕೆ ಕಾದು, ವಿಮಾನ ಬಂದಿಳಿದು ಹೊರಡುವ ಹೊತ್ತಿಗೆ ಬೆಂಗಳೂರಿನಲ್ಲಿ ಅದಕ್ಕೆಂದು ಇಟ್ಟಿದ್ದ ಸಮಯ ದಾಟಿರುತ್ತದೆ. ಹೊಸ ಸಮಯ ಸಿಗಲು ಮತ್ತೆ ಕಾಯಬೇಕು. ಎರಡು ಕಡೆಯ ತಡಗಳು ಒಂದರ ಮೇಲೊಂದು ಬೀಳುವುದು ಹೀಗೆ.

ಇದಕ್ಕೆ ಪರಿಹಾರಗಳಿವೆ, ಕೆಲವು ನಮ್ಮ ದೇಶದಲ್ಲೇ ಆಗಿಹೋಗಿವೆ. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ‘ಗಗನ್’ ಉಪಗ್ರಹ ವ್ಯವಸ್ಥೆ ಜಿಪಿಎಸ್‌ನ ನಿಖರತೆಯನ್ನು ಹೆಚ್ಚಿಸಿ, ನೆಲದ ಮೇಲೆ ದುಬಾರಿ ಉಪಕರಣ ಇಲ್ಲದ ನಿಲ್ದಾಣಕ್ಕೂ ವಿಮಾನವನ್ನು ಎತ್ತರ ಸಮೇತ ದಾರಿ ತೋರಿಸಿ ಇಳಿಸುತ್ತದೆ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋ ಇದನ್ನು ಬಳಸಿ ವಿಮಾನ ಇಳಿಸಿತು. ಆ ವಿಮಾನವೂ ಎಟಿಆರ್-72, ಸೋಗಾನೆಗೆ ಬರುವ ಮಾದರಿಯೇ. ಗುಡ್ಡ, ಮಂಜು, ಮಳೆ ಮೂರೂ ಇರುವ ಮಲೆನಾಡಿಗಿಂತ ಈ ತಂತ್ರಜ್ಞಾನ ಹೆಚ್ಚು ಬೇಕಾದ ಊರು ಯಾವುದಿದೆ? ಶಿವಮೊಗ್ಗದ ವಿಮಾನ ಹೇಳಿದ ಹೊತ್ತಿಗೆ ಹೊರಡುವಂತಾದರೆ ಬೆಂಗಳೂರಿನ ಸರದಿಯಲ್ಲಿ ಅದರ ಜಾಗವನ್ನು ನಂಬಿ ಕಾದಿರಿಸಬಹುದು. ಜಾಗ ಕಾದಿರಿಸಿದರೆ ಹಿಂದಿನ ಜೆಟ್‌ಗೂ ದೂರದಲ್ಲೇ ನಿಧಾನಿಸಲು ಹೇಳಬಹುದು, ಎರಡೂ ತಡೆಯಿಲ್ಲದೆ ಇಳಿಯುತ್ತವೆ.

ಸರದಿಯ ನಿಯಮದಲ್ಲೂ ಸೇರಿಸಬೇಕಾದ್ದಿದೆ. ಹತ್ತಿರದ ಊರುಗಳಿಂದ ಬರುವ ವಿಮಾನಗಳಿಗೆ ಪ್ರತಿ ಗಂಟೆಯ ಸರದಿಯಲ್ಲಿ ಇಂತಿಷ್ಟು ಜಾಗ ಖಾಲಿ ಬಿಟ್ಟಿರಬೇಕು. ಹೊರಡುವುದಿಲ್ಲ ಎಂದು ಖಚಿತವಾದ ಕೂಡಲೇ ಅದನ್ನು ಬೇರೆಯವರಿಗೆ ಕೊಡಬಹುದು. ಒಂದು ಊರಿನ ವಿಮಾನವನ್ನು ನಿನ್ನೆ ಅರ್ಧ ಗಂಟೆ ನೆಲದಲ್ಲಿ ನಿಲ್ಲಿಸಿದ್ದರೆ ಇಂದು ಆ ಭಾರ ಇನ್ನೊಬ್ಬರ ಮೇಲೆ ಹೋಗುವಂತೆ ತಿಂಗಳ ಲೆಕ್ಕ ಇಡಬೇಕು. ಯಾವ ನಿಲ್ದಾಣದ ವಿಮಾನಗಳು ಸಂಚಾರ ನಿಯಂತ್ರಣದ ಕಾರಣಕ್ಕೆ ಎಷ್ಟು ನಿಮಿಷ ನೆಲದಲ್ಲಿ ಕಾದವು, ಹವಾಮಾನದ ಕಾರಣಕ್ಕೆ ಎಷ್ಟು ಕಾದವು ಎಂಬ ಅಂಕಿಗಳನ್ನು ನಿಲ್ದಾಣವಾರು ಬಿಡಿಸಿ ಪ್ರತಿ ತಿಂಗಳೂ ಪ್ರಕಟಿಸಬೇಕು. ಸೋಗಾನೆಯ ಟರ್ಮಿನಲ್‌ನ ಫಲಕದಲ್ಲಿ ಬರೀ ‘ವಿಳಂಬ’ ಎಂದು ತೋರಿಸುವ ಬದಲು, ‘ಬೆಂಗಳೂರಿನಲ್ಲಿ ಇಳಿಯುವ ಸರದಿ 9.40ಕ್ಕೆ, ಇಲ್ಲಿಂದ ಹೊರಡುವುದು 8.55ಕ್ಕೆ’ ಎಂದು ಬರೆಯಲು ಬೇಕಾದ ಮಾಹಿತಿ ನಿಯಂತ್ರಣ ಕೇಂದ್ರದ ಬಳಿ ಇದ್ದೇ ಇರುತ್ತದೆ. ಅದನ್ನು ಕನ್ನಡದಲ್ಲಿ, ಕಾಯುತ್ತ ಕುಳಿತವರ ಕಣ್ಣಿಗೆ ಬೀಳುವಂತೆ ಹಾಕಲು ಹೊಸ ಯೋಜನೆಯಾಗಲಿ ಹಣವಾಗಲಿ ಬೇಕಿಲ್ಲ.